ಜೋಯಿಸರ ಮನೆಯ ಗೂಬೆಮರಿ

ಹೋದ ವಾರ ನಮ್ಮ ಅಡುಗೆಮನೆಗೆ ಇಲಿ ನುಗ್ಗಿತು. ಮಗ ಅದೇನೋ ಅಂಟಿನ ಹಾಳೆ ತರುತ್ತೇನೆಂದ. ನಾನು ಬೇಡವೆಂದು, ಗಾಂಧಿ ಬಜಾರಿನ ಕಬ್ಬಿಣದ ಅಂಗಡಿಗೆ ನಾನೇ ಹೋಗಿ, ಹಳೇ ಕಾಲದ ತಂತಿಯ ಇಲಿಬೋನು ಹುಡುಕಿಸಿ ತಂದೆ. ಸಂಜೆ ನನ್ನ ಹೆಂಡತಿ ಒಂದು ಚೂರು ಒಣಕೊಬ್ಬರಿಯನ್ನು ಸುಟ್ಟು ಬೋನಿನ ಕೊಕ್ಕೆಗೆ ಸಿಕ್ಕಿಸಿದಳು. ಆ ಸುಟ್ಟ ಕೊಬ್ಬರಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಶಿವಮೊಗ್ಗದಲ್ಲಿರಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಒಬ್ಬ ಜೋಯಿಸರ ಮನೆಯ ಹಿತ್ತಲಲ್ಲಿ ನಿಂತಿದ್ದೆ... ವಯಸ್ಸು ಇಪ್ಪತ್ತೆರಡು. ಒಬ್ಬನೇ ನಗುತ್ತಿದ್ದೆನಂತೆ. ಇವರಿಗೇನಾಯಿತು ಎಂದು ಹೆಂಡತಿ ಮಗನ ಮುಖ ನೋಡಿದಳಂತೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗದ್ದೆ ಕೆಲಸಕ್ಕೆ ನಾನು ನಾಲಾಯಕ್ಕು ಎಂದು ಹೊಳಲೂರಿನ ನಮ್ಮ ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದ ಮೇಲೆ ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದ್ದೆ. ಬಾಡಿಗೆಗೆ ಸಿಕ್ಕಿದ್ದು ಓಲ್ಡ್ ಟೌನಿನ ಈ ಜೋಯಿಸರ ಹಿತ್ತಲಿನ ಕೋಣೆ. ಪಂಚಾಂಗ ನೋಡಿ ಮುಹೂರ್ತ ಇಡುವುದು, ಮದುವೆ ಮುಂಜಿ ಮಾಡಿಸುವುದು, ಹೋಮ, ಶಾಂತಿ ಇವೆಲ್ಲ ಅವರ ವೃತ್ತಿ. ಐವತ್ತೈದು ದಾಟಿದ, ಉದ್ದಕ್ಕೆ ತೆಳ್ಳಗಿದ್ದ ಮನುಷ್ಯ. ಮಂತ್ರ ಹೇಳುವಾಗ ಬೀದಿಯ ಕೊನೆಯವರೆಗೂ ಕೇಳುತ್ತಿದ್ದ ಗಂಟಲು, ಮಾತಾಡುವಾಗ ಮಾತ್ರ ಪಕ್ಕದಲ್ಲಿದ್ದವರಿಗೂ ಕೇಳಿಸುತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಕಳಿಸಿದ್ದರು. ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ, ಇಬ್ಬರೇ.

ಕೋಣೆ ಕೊಡುವಾಗ ಒಂದೇ ಷರತ್ತು ಹಾಕಿದ್ದರು. ಮಾಂಸ ಕೂಡದು, ಮೊಟ್ಟೆ ಕೂಡದು, ಮೊಟ್ಟೆಯ ಸಿಪ್ಪೆ ಕಂಡರೂ ಅವತ್ತೇ ಕೋಣೆ ಖಾಲಿ ಮಾಡಬೇಕು. ನಾನು ತುಂಬ ವಿನಯದಿಂದ ತಲೆ ಅಲ್ಲಾಡಿಸಿದೆ. ಭಾನುವಾರ ಕೋಳಿ ಸಾರು ಇಲ್ಲದಿದ್ದರೆ ಉಪವಾಸ ಎಂದೇ ತಿಳಿದಿದ್ದ ಮನೆಯಿಂದ ಬಂದವನು ನಾನು. ಹಾಗಾಗಿ ವಾರಕ್ಕೊಮ್ಮೆ ಸೇತುವೆಯಾಚೆಯ ಮಿಲಿಟರಿ ಹೋಟೆಲಿಗೆ ಹೋಗಿ ಕುತ್ತಿಗೆಮಟ್ಟ ತಿಂದು, ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದು, ಬಾಯಿಗೆ ನಾಲ್ಕು ಏಲಕ್ಕಿ ಹಾಕಿಕೊಂಡು ಸಾಧುವಿನ ಹಾಗೆ ಮನೆಗೆ ಬರುತ್ತಿದ್ದೆ. ನನ್ನ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಇನ್ನು ಗೂಬೆಯ ವಿಷಯ. ಮನೆಯೊಳಗೆ ಗೂಬೆ ಹೊಕ್ಕರೆ ಆ ಮನೆ ಬಿಡಬೇಕು ಎಂಬುದು ಆಗಿನ ನಂಬಿಕೆ. ಕೆಲವರು ಮೂರು ತಿಂಗಳು, ಕೆಲವರು ಆರು ತಿಂಗಳು ಬೀಗ ಹಾಕಿಕೊಂಡು ನೆಂಟರ ಮನೆ ಸೇರುತ್ತಿದ್ದರು. ವಾಪಸು ಬರುವ ಮುಂಚೆ ಶಾಂತಿ ಆಗಬೇಕು. ಆ ಶಾಂತಿ ಮಾಡಿಸುವುದರಲ್ಲಿ ನಮ್ಮ ಜೋಯಿಸರದು ಎತ್ತಿದ ಕೈ. ಜನ್ನಾಪುರದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ನಮ್ಮನೆ ಅನ್ನದಲ್ಲಿ ಕಾಲು ಭಾಗ ಗೂಬೆಗಳ ಕೃಪೆ ಎಂದು ಅವರ ಹೆಂಡತಿಯೇ ನಗುತ್ತಿದ್ದರು.

ಆ ವರ್ಷ ಚಳಿ ಮುಗಿಯುತ್ತಿದ್ದ ಹೊತ್ತಿನಲ್ಲಿ ಅಕ್ಕಿ ಮಂಡಿಯ ಸಾಹುಕಾರರಿಂದ ಕರೆ ಬಂತು. ಅವರ ಗೋದಾಮಿನ ಅಟ್ಟದಲ್ಲಿ ಗೂಬೆ ಗೂಡು ಮಾಡಿತ್ತು. ಆಳುಗಳು ಬಿದಿರು ಗಳದಿಂದ ಹೊಡೆದು ದೊಡ್ಡ ಗೂಬೆಗಳೆರಡನ್ನೂ ಕೊಂದುಹಾಕಿದ್ದರು. ಜೋಯಿಸರು ಹೋಗಿ ಹೋಮ ಮಾಡಿಸಿ, ಪೂರ್ಣಾಹುತಿಯಾಗಿ, ಎಲ್ಲರೂ ಪ್ರಸಾದ ತೆಗೆದುಕೊಳ್ಳುವಾಗ ಮೂಟೆಗಳ ಹಿಂದಿನಿಂದ ಉಸ್ ಎಂಬ ಸದ್ದು. ನೋಡಿದರೆ ಒಂದು ಮರಿ. ಆಳೊಬ್ಬ ದೊಣ್ಣೆ ಎತ್ತಿದ. ಜೋಯಿಸರು ಅವನ ಕೈ ಹಿಡಿದು, ಹೋಮವಾದ ಮೇಲೆ ಕೊಂದರೆ ದೋಷ ಇಮ್ಮಡಿಯಾಗುತ್ತದೆ, ಇದನ್ನು ಶಾಸ್ತ್ರೋಕ್ತವಾಗಿ ನಾನೇ ಹೊಳೆಗೆ ಬಿಟ್ಟು ಬರುತ್ತೇನೆ ಎಂದರಂತೆ. ಸಾಹುಕಾರರು ಕೈಮುಗಿದು ಒಂದು ಬುಟ್ಟಿ ಕೊಟ್ಟರಂತೆ.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಎರಡು ಗಂಟೆಯ ಸೈರನ್ ಆಗಿ, ಶಿಫ್ಟ್ ಮುಗಿಸಿ ಬಂದು ಮಲಗಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಜೋಯಿಸರು ನನ್ನ ಕೋಣೆಯ ಬಾಗಿಲಿಗೆ ಬಂದದ್ದು ಅದೇ ಮೊದಲು.

"ನೀನು ಮಾಂಸ ತಿಂತೀಯಲ್ಲ" ಎಂದರು, ಎಂದಿನ ಆ ಸಣ್ಣ ದನಿಯಲ್ಲಿ.

ಛೆ ಛೆ, ಎಲ್ಲಾದರೂ ಉಂಟೇ ಎಂದೆ.

"ಭಾನುವಾರ ಭಾನುವಾರ ನಿನ್ನ ಹತ್ರ ಏಲಕ್ಕಿ ವಾಸನೆ ಬರುತ್ತೆ. ಏಲಕ್ಕಿ ತಿನ್ನೋವಷ್ಟು ಸಂಬಳ ಇಲ್ಲ ನಿಂಗೆ" ಎಂದರು. "ಇರಲಿ. ನಂಗೂ ಒಂದಿಷ್ಟು ತಂದ್ಕೊಡ್ತೀಯಾ?"

ನಾನು ಬಾಯಿ ಬಿಟ್ಟುಕೊಂಡು ನಿಂತೆ. ನನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ಅವರಿಗೆ ತಿಳಿದಿರಬೇಕು. "ನನಗಲ್ಲ ಮಾರಾಯ, ಬಾ ಇಲ್ಲಿ" ಎಂದು ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋದರು.

ಬುಟ್ಟಿಯಲ್ಲಿ ಕೂತಿದ್ದ ಆ ಪ್ರಾಣಿಯಷ್ಟು ಕುರೂಪಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೊಳಕು ಹತ್ತಿಯ ಮುದ್ದೆಯಂಥ ಮೈ, ಅದರ ಮೇಲೆ ವೀಳ್ಯದೆಲೆಯ ಆಕಾರದ ಬಿಳಿ ಮುಖ, ಮುಖದ ನಡುವೆ ಎರಡು ಕಪ್ಪು ಕಣ್ಣು. ನಮ್ಮನ್ನು ಕಂಡದ್ದೇ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂತೆ ಉಸ್ಸೆಂದು ಹೆದರಿಸಿತು. ಎದೆಯ ಮೇಲೆಲ್ಲ ಏನೋ ಅಂಟು ಮೆತ್ತಿಕೊಂಡಿತ್ತು. ಕೇಳಿದರೆ, ಹಿಂದಿನ ಸಂಜೆಯಿಂದ ಜೋಯಿಸರು ಅದಕ್ಕೆ ಹಾಲು, ಜೇನು, ಬಾಳೆಹಣ್ಣು ಕಲಸಿ ತಿನ್ನಿಸಲು ನೋಡಿದ್ದರಂತೆ. ಅದೂ ಪೂಜೆಯ ಉದ್ಧರಣೆಯಲ್ಲಿ. ಸರಿಯಾಗಿ ಹೇಳಬೇಕೆಂದರೆ ಗೂಬೆಮರಿಗೆ ಪಂಚಾಮೃತ ಕುಡಿಸಿದ್ದರು. ಅದು ಅಷ್ಟನ್ನೂ ಅವರ ಶಲ್ಯದ ಮೇಲೆ ಉಗಿದಿತ್ತು. ಆ ಮನೆಯಲ್ಲಿ ಹಸಿದ ಮಗುವಿಗೆ ಕೊಡಲು ಅದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ ಎಂಬುದೂ ನಿಜವೇ.

ಹೊಳೆಗೆ ಬಿಡುತ್ತೇನೆ ಎಂದಿದ್ದಿರಲ್ಲ ಎಂದು ಎಷ್ಟೋ ದಿನಗಳ ಮೇಲೆ ನಾನು ಕೇಳಿದೆ.

"ಬಿಡೋಣ ಅಂತಲೇ ಹೋಗಿದ್ದೆ. ಮೆಟ್ಟಿಲ ಮೇಲೆ ಕೂತು ಬುಟ್ಟಿ ಮುಚ್ಚಳ ತೆಗೆದೆ. ನನ್ನ ನೋಡಿ ಬಾಯಿ ತೆರೀತು ಮಾರಾಯ. ಆಮೇಲೆ ಹ್ಯಾಗೆ..." ಎಂದರು.

ನಾನು ಅವತ್ತೇ ಸೈಕಲ್ ಹತ್ತಿ ಮಟನ್ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಬಿಳಿ ಗಡ್ಡದ, ಬಹಳ ಮರ್ಯಾದಸ್ಥ ಮನುಷ್ಯ. ಇಷ್ಟೇ ಇಷ್ಟು ಲಿವರ್ ಯಾತಕ್ಕೆ, ಒಂದು ಬೆಕ್ಕಿಗೂ ಸಾಲದಲ್ಲ ಎಂದರು. ಗೂಬೆಗೆ ಎನ್ನುವ ಹಾಗಿಲ್ಲ. ನನಗೆ ಎಂದರೆ ಅಡುಗೆ ಎಲ್ಲಿ ಮಾಡುತ್ತೀ ಎಂದು ಕೇಳುತ್ತಾರೆ. ಥಟ್ಟನೆ ಒಂದು ಸುಳ್ಳು ಹೊಳೆಯಿತು. ನಮ್ಮ ಮನೆ ಯಜಮಾನರು ಜೋಯಿಸರಿಗೆ ಮೈಯಲ್ಲಿ ರಕ್ತ ಇಲ್ಲ, ಡಾಕ್ಟರು ದಿನಾ ಎರಡು ಚೂರು ಲಿವರ್ ಔಷಧಿ ಎಂದು ಹೇಳಿದ್ದಾರೆ, ಯಾರಿಗೂ ಹೇಳಬೇಡಿ ಎಂದೆ. ಸಾಹೇಬರು ಎದೆಯ ಮೇಲೆ ಕೈಯಿಟ್ಟುಕೊಂಡು, ತನ್ನ ಬಾಯಿಂದ ಹೊರಗೆ ಬರುವುದಿಲ್ಲ ಎಂದು ಮಾತು ಕೊಟ್ಟರು. ಆ ಮಾತನ್ನು ಅವರು ಉಳಿಸಿಕೊಂಡರು ಕೂಡ. ಎಡವಟ್ಟಾದದ್ದು ಅವರ ಬಾಯಿಂದಲ್ಲ, ಅವರ ಒಳ್ಳೆಯ ಮನಸ್ಸಿನಿಂದ.

ಮೊದಲ ಚೂರು ಒಳಗೆ ಹೋದ ಕ್ಷಣ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಾಯಿಗೆ ಹಿಡಿದರೆ ಮರಿಗೆ ಅದು ಕಾಣುವುದೇ ಇಲ್ಲ. ಜೋಯಿಸರು ಬೇಸತ್ತು ಕೈ ಹಿಂದಕ್ಕೆ ಎಳೆಯುವಾಗ ಮಾಂಸ ಅದರ ಕೊಕ್ಕಿನ ಪಕ್ಕದ ಮೀಸೆಯಂಥ ಕೂದಲಿಗೆ ತಾಗಿತು. ಲಬಕ್ಕನೆ ತಿರುಗಿ ನುಂಗಿತು. ಆ ಕೂದಲೇ ಅದರ ಕಣ್ಣು ಎಂದು ಜೋಯಿಸರಿಗೆ ಅರ್ಥವಾಗಿಹೋಯಿತು. ಅಲ್ಲಿಂದ ಮುಂದೆ ಪ್ರತಿ ಸಲವೂ ಅಲ್ಲೇ ಮೆಲ್ಲಗೆ ಮುಟ್ಟಿಸುತ್ತಿದ್ದರು. ಬರಿಗೈಯಲ್ಲಿ ಮಾಂಸ ಮುಟ್ಟುವುದಕ್ಕೆ ಅವರಿಗೆ ಆಗುತ್ತಿರಲಿಲ್ಲ. ನಾನು ಬಿದಿರಿನ ಸೀಳನ್ನು ಬಗ್ಗಿಸಿ, ತುದಿಯನ್ನು ಅರದಿಂದ ಉಜ್ಜಿ ನಯ ಮಾಡಿ ಒಂದು ಚಿಮಟ ಮಾಡಿಕೊಟ್ಟೆ. ನಾನು ಮಾಡಿದ ಫಿಟ್ಟರ್ ಕೆಲಸಗಳಲ್ಲೆಲ್ಲ ಅತ್ಯಂತ ನಾಜೂಕಾದದ್ದು ಅದೇ ಇರಬೇಕು.

ಮಾಂಸ ತಿನ್ನಿಸಿದ ಮೇಲೆ ಸ್ನಾನವಾಗಬೇಕು. ದಿನಕ್ಕೆ ನಾಲ್ಕು ಊಟ ಎಂದರೆ ನಾಲ್ಕು ತಣ್ಣೀರು ಸ್ನಾನ. ಮೂರನೆಯ ದಿನಕ್ಕೆ ಜೋಯಿಸರು ಸೀನಲು ಶುರು ಮಾಡಿದರು. ಅವರ ಹೆಂಡತಿ ಅಲ್ಲಿಯವರೆಗೆ ಕೊಟ್ಟಿಗೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಗೂಬೆ ಸಾಕುತ್ತಿರುವುದು ಹೊರಗೆ ಗೊತ್ತಾದರೆ ನಾಳೆಯಿಂದ ಯಾರು ನಿಮ್ಮನ್ನು ಶುಭಕಾರ್ಯಕ್ಕೆ ಕರೆಯುತ್ತಾರೆ ಎಂದು ಒಂದೇ ಒಂದು ಸಲ ಕೇಳಿದ್ದರು. ಗದ್ದೆ ತೋಟ ಏನೂ ಇಲ್ಲದ ಮನೆ ಅದು, ಆ ಗಂಟಲೊಂದೇ ಆಸ್ತಿ. ಈಗ ಗಂಡನ ಸೀನು ಕೇಳಲಾರದೆ ಆಕೆಯೇ ದಾರಿ ಹುಡುಕಿದರು. ಗೂಬೆ ರಾತ್ರಿಯ ಹಕ್ಕಿ, ಹಗಲೆಲ್ಲ ಯಾಕೆ ಎಬ್ಬಿಸಿ ತಿನ್ನಿಸುತ್ತೀರಿ, ಬೆಳಗಿನ ಸ್ನಾನಕ್ಕೆ ಮುಂಚೆ ಒಂದು ಸಲ, ಸಂಜೆಯ ಸ್ನಾನಕ್ಕೆ ಮುಂಚೆ ಒಂದು ಸಲ ಹೊಟ್ಟೆ ತುಂಬ ತಿನ್ನಿಸಿ ಎಂದರು. ಜೋಯಿಸರು ಬೆರಗಾಗಿ ಹೆಂಡತಿಯನ್ನು ನೋಡಿದರು. ಮರಿಗೂ ಆ ಏರ್ಪಾಡು ಒಗ್ಗಿತು.

ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಮರಿ ಮಂಕಾಯಿತು. ತಿನ್ನುತ್ತಿತ್ತು, ಆದರೆ ಕಾಲು ನೆಟ್ಟಗೆ ಊರುತ್ತಿರಲಿಲ್ಲ, ಕೂತಲ್ಲೇ ಪಕ್ಕಕ್ಕೆ ವಾಲುತ್ತಿತ್ತು. ಉಸ್ಸೆನ್ನುವುದೂ ನಿಂತಿತು. ನಾನು ಆಸೆ ಬಿಟ್ಟೆ. ಜೋಯಿಸರು ಊಟ ಬಿಟ್ಟರು. ಅದರ ಮುಂದೆ ಮಣೆ ಹಾಕಿಕೊಂಡು ಕೂತು, ನೋಡುತ್ತಲೇ ಇದ್ದರು. ಸಂಜೆ ಏನೋ ನೆನಪಾದವರಂತೆ ಎದ್ದರು. ಸಾಹುಕಾರರ ಅಟ್ಟದಲ್ಲಿ ಗೂಡಿನ ಸುತ್ತ ಬೂದು ಬಣ್ಣದ ಉಂಡೆಗಳು ಬಿದ್ದಿದ್ದವಂತೆ. ಕಾಲಿಗೆ ಸಿಕ್ಕಿ ಒಡೆದಾಗ ಒಳಗೆ ಬರೀ ಕೂದಲು ಮತ್ತು ಸೂಜಿಯಂಥ ಮೂಳೆ. "ತಿಂದು ಆಮೇಲೆ ಉಗುಳ್ತಾವೆ ಅಂತ ಕಾಣುತ್ತೆ. ಅಂದ್ರೆ ಮೂಳೆ, ಕೂದಲು ಎಲ್ಲ ಬೇಕು ಅದಕ್ಕೆ. ನಾವು ಬರೀ ಮೆತ್ತಗಿರೋದು ಹಾಕಿ ಕೊಲ್ತಿದೀವಿ" ಎಂದರು. ಅಷ್ಟು ಶಾಸ್ತ್ರ ಓದಿದವರು ಗೂಬೆಯ ಶಾಸ್ತ್ರವನ್ನು ಕಾಲಿಗೆ ಸಿಕ್ಕಿದ್ದರಿಂದ ಕಲಿತರು.

ಅಂದರೆ ಇಲಿ ಬೇಕು. ಮನೆಯಲ್ಲಿದ್ದ ಬೋನಿಗೆ ಜೋಯಿಸರ ಹೆಂಡತಿಯೇ ಕೊಬ್ಬರಿ ಸುಟ್ಟು ಕೊಟ್ಟರು. ಕೊಡುವಾಗ ಮುಖ ಆಚೆ ತಿರುಗಿಸಿಕೊಂಡಿದ್ದರು. ಅದು ಸಾಲದೆ ನಾನು ಪೇಟೆಯ ದಿನಸಿ ಅಂಗಡಿಗಳಲ್ಲಿ ಬೋನಿಗೆ ಬಿದ್ದ ಸುಂಡಿಲಿಗಳನ್ನು ಬೇಡಿ ತರತೊಡಗಿದೆ. ಹಳೆಯ ಟಿಫಿನ್ ಕ್ಯಾರಿಯರ್ ಒಂದನ್ನು ಅದಕ್ಕೇ ಮೀಸಲಿಟ್ಟಿದ್ದೆ. ಕಾರ್ಖಾನೆಯ ಗೆಳೆಯರು ಇವತ್ತೇನು ಸ್ಪೆಷಲ್ ಎಂದು ಅದರ ಮುಚ್ಚಳಕ್ಕೆ ಕೈಹಾಕಿದಾಗಲೆಲ್ಲ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಮೊದಲ ಇಲಿಯನ್ನು ಚಿಮಟದಲ್ಲಿ ಎತ್ತಿಕೊಂಡು ಜೋಯಿಸರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡರು. ದಿನಾ ಬೆಳಗ್ಗೆ ಗಣಪತಿಗೆ ಇಪ್ಪತ್ತೊಂದು ಗರಿಕೆ ಏರಿಸುವ ಕೈ ಅದು.

"ಗೂಬೆ ಲಕ್ಷ್ಮಿ ವಾಹನ ಅಂತ ಒಂದು ಕಡೆ ಓದಿದ್ದೆ. ಒಬ್ಬರ ವಾಹನಾನ ಇನ್ನೊಬ್ಬರ ವಾಹನಕ್ಕೆ ಹಾಕ್ತಿದೀನಿ. ಅವರವರೇ ಮಾತಾಡ್ಕೊಳ್ಳಲಿ" ಎಂದರು.

ಮರಿ ಇಲಿಯನ್ನು ತಲೆಯ ಕಡೆಯಿಂದ ಇಡಿಯಾಗಿ ನುಂಗಿತು. ಬಾಲ ಮಾತ್ರ ಬಾಯಿಯ ಹೊರಗೆ ಉಳಿದು, ದಾರದ ಹಾಗೆ ಒಂದಷ್ಟು ಹೊತ್ತು ನೇತಾಡಿ, ಅದೂ ಒಳಗೆ ಹೋಯಿತು. ಮಾರನೆಯ ಬೆಳಗ್ಗೆ ಇನ್ನೂ ಬೆಳಕು ಹರಿಯುವ ಮುಂಚೆ ಜೋಯಿಸರು ನನ್ನನ್ನು ಎಬ್ಬಿಸಿದರು. ಅಂಗೈಯಲ್ಲಿ ಬಾಳೆಲೆಯ ತುಂಡು, ಅದರ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಬೂದು ಉಂಡೆ. ಮೊಮ್ಮಗನ ಮೊದಲ ಹಲ್ಲು ತೋರಿಸುವ ಅಜ್ಜನ ಮುಖ ಅವರದು. ವಾರದೊಳಗೆ ಮರಿ ಸೌದೆ ಒಟ್ಟಿಲ ಮೇಲೆ ನೆಟ್ಟಗೆ ನಿಂತಿತು. ಹತ್ತಿ ಉದುರಿ ಹೊನ್ನಿನ ಬಣ್ಣದ ಗರಿ ಬಂತು, ಅದರ ಮೇಲೆ ಸಣ್ಣ ಸಣ್ಣ ಚುಕ್ಕೆ. ಜೋಯಿಸರು ಸಂಧ್ಯಾವಂದನೆ ಮುಗಿಸಿ ಕೊಟ್ಟಿಗೆಗೆ ಬಂದರೆ ಕತ್ತನ್ನು ಅತ್ತ ಇತ್ತ ಕುಣಿಸುತ್ತಿತ್ತು. ಯಾರೂ ಇಲ್ಲದಾಗ ಅವರೂ ಅದರ ಮುಂದೆ ಕತ್ತು ಕುಣಿಸುತ್ತಿದ್ದರು. ನಾನು ಕಿಂಡಿಯಲ್ಲಿ ನೋಡಿದ್ದೇನೆ.

ಇಲಿ ಸಿಗದ ದಿನ ಲಿವರ್ ಬೇಕಾಗುತ್ತಿತ್ತು. ಹಾಗಾಗಿ ಸಾಹೇಬರ ಅಂಗಡಿಗೆ ನನ್ನ ಸವಾರಿ ನಿಂತಿರಲಿಲ್ಲ. ಹೋದಾಗಲೆಲ್ಲ ಅವರು ಜೋಯಿಸರ ಆರೋಗ್ಯ ವಿಚಾರಿಸುವರು, ನಾನು ಪರವಾಗಿಲ್ಲ ಎನ್ನುವೆ. ಆಮೇಲೆ ಇಲಿಯೇ ಧಾರಾಳವಾಗಿ ಸಿಕ್ಕಿ ನಾನು ಒಂದು ವಾರ ಆ ಕಡೆ ಹೋಗಲೇ ಇಲ್ಲ. ಸಾಹೇಬರಿಗೆ ದಿಗಿಲಾಯಿತು. ಔಷಧಿ ನಿಂತುಹೋಯಿತಲ್ಲ, ಕಾಯಿಲೆ ಹೆಚ್ಚಾಯಿತೋ ಏನೋ ಎಂದುಕೊಂಡರು.

ಅವತ್ತು ಶಿಫ್ಟ್ ಮುಗಿಸಿ ಬರುತ್ತೇನೆ, ಜೋಯಿಸರ ಜಗಲಿಯ ಮೇಲೆ ಮಂಡಿ ಸಾಹುಕಾರರು ಪಂಚಾಂಗದ ಎದುರಿಗೆ ಕೂತಿದ್ದಾರೆ. ಮಗಳ ಮದುವೆಗೆ ಮುಹೂರ್ತ ಇಡಿಸಲು ಬಂದವರು. ಓಲ್ಡ್ ಟೌನಿನಲ್ಲಿ ಆ ವರ್ಷದ ದೊಡ್ಡ ಮದುವೆ ಅದು. ಅದನ್ನು ಮಾಡಿಸಿದ ಪುರೋಹಿತರಿಗೆ ಆಮೇಲೆ ಹತ್ತು ಮದುವೆ ಹುಡುಕಿಕೊಂಡು ಬರುತ್ತವೆ. ಜಗಲಿಯ ಕೆಳಗೆ, ಚಪ್ಪಲಿ ಕಳಚಿ, ಒಗೆದ ಜುಬ್ಬ ತೊಟ್ಟು, ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮಟನ್ ಅಂಗಡಿಯ ಸಾಹೇಬರು ನಿಂತಿದ್ದರು. ನನಗೆ ಸೈಕಲ್ ಸ್ಟ್ಯಾಂಡ್ ಹಾಕುವುದೂ ಮರೆತು ಅದು ದಡಕ್ಕನೆ ಬಿತ್ತು.

"ಜೋಯಿಸ್ರೇ, ತಬಿಯತ್ ಹ್ಯಾಗಿದೆ? ಒಂದು ವಾರದಿಂದ ನಿಮ್ಮ ಔಷಧಿಗೆ ಯಾರೂ ಬರ್ಲಿಲ್ಲ. ನಾನೇ ತಂದೆ" ಎಂದರು ಸಾಹೇಬರು. ಬಾಳೆಲೆಯ ಅಂಚಿನಿಂದ ಒಂದು ಹನಿ ರಕ್ತ ತೊಟ್ಟಿಕ್ಕಿತು.

ಸಾಹುಕಾರರು ಎದ್ದು ನಿಂತರು. ಬ್ರಾಹ್ಮಣರ ಬಾಗಿಲಿಗೆ ಮಾಂಸ ತರಲು ಎಷ್ಟು ಸೊಕ್ಕು ನಿನಗೆ, ಯಾರು ಹೇಳಿಕೊಟ್ಟು ಕಳಿಸಿದರು ಎಂದು ಸಾಹೇಬರ ಮೇಲೆ ಹರಿಹಾಯ್ದರು. ಸಾಹೇಬರು ತಬ್ಬಿಬ್ಬಾಗಿ ನನ್ನ ಕಡೆ ನೋಡಿದರು. ಆದರೂ ನನ್ನ ಹೆಸರು ಹೇಳಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರಲ್ಲ. ನಾನು ಮುಂದೆ ಬಂದು, ಅದು ನನಗೆ ತರಿಸಿದ್ದು, ತಿನ್ನುವವನು ನಾನು ಎಂದೆ. ಕೋಣೆ ಹೋದರೆ ಹೋಗಲಿ ಎಂದು ನಿಜವಾಗಿಯೂ ಅನ್ನಿಸಿತ್ತು. ಸಾಹುಕಾರರಿಗೆ ಅಷ್ಟು ಸಾಕಾಗಿತ್ತು. ಹಾಗಾದರೆ ಇವನನ್ನು ಈಗಲೇ ಹೊರಗೆ ಹಾಕಿ, ಆ ಮನುಷ್ಯನಿಗೂ ಈ ಬೀದಿಗೆ ಕಾಲಿಡಬೇಡ ಎಂದು ಹೇಳಿ ಎಂದು ಜೋಯಿಸರ ಕಡೆ ತಿರುಗಿದರು.

ಜೋಯಿಸರು ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮದುವೆ ಅವರದೇ, ಹೆಸರು ಅವರದೇ. ಸಂಜೆ ನನ್ನನ್ನು ಸಮಾಧಾನ ಮಾಡಿ ಕೋಣೆಯಲ್ಲೇ ಉಳಿಸಿಕೊಳ್ಳಲೂ ಬಹುದಿತ್ತು. ಅವರು ಎದ್ದರು. ಹಿತ್ತಲಿಗೆ ಹೋದರು. ತಿರುಗಿ ಬಂದಾಗ ಅವರ ಎಡಗೈಗೆ ಶಲ್ಯ ಸುತ್ತಿತ್ತು. ಅದರ ಮೇಲೆ, ಹಗಲಿನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಗೂಬೆ ಕೂತಿತ್ತು.

"ಸಾಹೇಬರದು ತಪ್ಪಿಲ್ಲ. ಈ ಹುಡುಗನದೂ ತಪ್ಪಿಲ್ಲ. ಮಾಂಸ ಇದಕ್ಕೆ. ನಿಮ್ಮ ಗೋದಾಮಿನದೇ ಮರಿ ಇದು. ಹೊಳೆಗೆ ಬಿಟ್ಟೆ ಅಂತ ನಿಮಗೆ ಸುಳ್ಳು ಹೇಳಿದೋನು ನಾನು" ಎಂದರು.

ಸಾಹುಕಾರರ ಮುಖ ಬಿಳಿಚಿಕೊಂಡಿತು. ಗೂಬೆ ಬಂದರೆ ಕೇಡು ಎಂದು ಹೋಮ ಮಾಡಿಸಿದವರು ನೀವೇ ಅಲ್ಲವೇ ಎಂದು ತೊದಲಿದರು.

"ಹೌದು. ಅವತ್ತು ಹೇಳಿದ್ದು ಓದಿದ್ದು. ಇವತ್ತು ಹೇಳ್ತಿರೋದು ನೋಡಿದ್ದು. ಎರಡು ತಿಂಗಳಾಯ್ತು ಇದು ನನ್ನ ಮನೇಲಿದ್ದು. ಒಂದು ನೆಗಡಿ ಬಿಟ್ಟು ಇನ್ನೇನೂ ಆಗಿಲ್ಲ."

ಅದೇ ಹೊತ್ತಿಗೆ ಗೂಬೆ ಕತ್ತು ಉದ್ದ ಮಾಡಿ, ಬಾಯಿ ಅಗಲಿಸಿ, ಬೆಳಗಿನ ಇಲಿಯ ಉಂಡೆಯನ್ನು ಸಾಹುಕಾರರ ಕಾಲ ಬುಡಕ್ಕೆ ಉಗುಳಿತು. ಅವರು ಪಂಚೆ ಎತ್ತಿಕೊಂಡು ಹಿಂದೆ ಹಾರಿದ ರೀತಿಗೆ ನನಗೆ ಆ ಸಂಕಟದಲ್ಲೂ ನಗು ತಡೆಯಲಿಲ್ಲ. ಜಾತಕಗಳನ್ನು ಬಾಚಿಕೊಂಡು ಹೊರಟೇಹೋದರು. ಜೋಯಿಸರ ಹೆಂಡತಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಈಗ ಗಂಡನಿಗೆ ಏನಾದರೂ ಹೇಳುತ್ತಾರೆ ಎಂದು ನಾವು ಮೂವರೂ ತಲೆ ತಗ್ಗಿಸಿ ನಿಂತೆವು.

"ಆ ಪೊಟ್ಟಣ ಒಳಗೆ ತಗೊಂಡ್ಹೋಗಿ, ಬೆಕ್ಕು ಬಂದೀತು" ಎಂದರು ಆಕೆ. ಆಮೇಲೆ ಸಾಹೇಬರಿಗೆ ಕುಡಿಯಲು ಬೆಲ್ಲ, ನೀರು ತಂದು ಜಗಲಿಯ ಮೇಲೆ ಇಟ್ಟು, ಕೂತುಕೊಳ್ಳಿ ಎಂದರು.

ಮದುವೆ ಬೇರೆಯವರ ಪಾಲಾಯಿತು. ಅದೊಂದೇ ಅಲ್ಲ, ನಾಲ್ಕೈದು ತಿಂಗಳು ಅವರನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ. ಆಕೆ ಹಪ್ಪಳ ಸಂಡಿಗೆ ಮಾಡಿ ಒಂದು ಹೋಟೆಲಿಗೆ ಕೊಡತೊಡಗಿದರು. ಸೈಕಲ್ಲಿನಲ್ಲಿ ಮುಟ್ಟಿಸುವ ಕೆಲಸ ನನ್ನದು. ಕಷ್ಟದ ದಿನಗಳೇ ಇರಬೇಕು ಅವರಿಗೆ. ಆದರೆ ನನ್ನ ನೆನಪಿನಲ್ಲಿ ಆ ಮನೆ ಅಷ್ಟು ಗೆಲುವಾಗಿದ್ದದ್ದು ಆ ದಿನಗಳಲ್ಲೇ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸಾಹೇಬರು ವಾರಕ್ಕೊಮ್ಮೆ ರೋಗಿಯನ್ನು ನೋಡಲು ಬರುತ್ತಿದ್ದರು. ನನ್ನ ಸುಳ್ಳನ್ನು ಹೇಳಿ ಹೇಳಿ ನಗುತ್ತಿದ್ದರು. ಜೋಯಿಸರ ಹೆಂಡತಿ ಗೂಬೆಯನ್ನು ಬೈಯುವ ನೆಪದಲ್ಲಿ ಅದರ ಜೊತೆ ಮಾತಾಡಲು ಶುರು ಮಾಡಿದ್ದರು. ನಾನಂತೂ ಏಲಕ್ಕಿ ಕೊಳ್ಳುವುದನ್ನೇ ಬಿಟ್ಟೆ.

ಯುಗಾದಿ ಕಳೆದು ಕೆಲವು ದಿನಗಳಿಗೆ ಅದು ಕೊಟ್ಟಿಗೆಯಿಂದ ಹಿತ್ತಲಿನ ಹುಣಿಸೆಮರಕ್ಕೆ ಹಾರಿತು. ಮೊದಲ ದಿನ ಕೊಂಬೆ ತಪ್ಪಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಜೋತುಬಿದ್ದಿತ್ತು. ಹಗಲು ಮರದಲ್ಲೇ ನಿದ್ದೆ, ಕತ್ತಲಾಗುವ ಹೊತ್ತಿಗೆ ಇಳಿದು ಬಂದು ಸೌದೆ ಒಟ್ಟಿಲ ಮೇಲೆ ಊಟಕ್ಕೆ ಕೂರುವುದು. ಅದಕ್ಕೆ ಬೇಟೆ ಕಲಿಸುವವರಿಲ್ಲ ಎಂಬುದೇ ಜೋಯಿಸರ ಚಿಂತೆ. ಎಷ್ಟು ದಿನ ಹೀಗೆ ಕೈ ತುತ್ತು ತಿಂದೀತು, ನಮ್ಮ ಕೈ ಇಲ್ಲದ ದಿನ ಏನು ಮಾಡೀತು ಎನ್ನುತ್ತಿದ್ದರು. ಸತ್ತ ಇಲಿಗೆ ದಾರ ಕಟ್ಟಿ ನಾನು ಹಿತ್ತಲಲ್ಲಿ ಎಳೆದುಕೊಂಡು ಓಡುವುದು, ಅದು ಮರದ ಮೇಲಿಂದ ನೋಡುವುದು. ಹೆಚ್ಚಿನ ದಿನ ನೋಡಿ ಸುಮ್ಮನಾಗುತ್ತಿತ್ತು. ಇಪ್ಪತ್ತೆರಡು ವರ್ಷದ ಫಿಟ್ಟರ್ ಒಬ್ಬ ದಾರದ ತುದಿಗೆ ಇಲಿ ಕಟ್ಟಿಕೊಂಡು ಓಡುತ್ತಿದ್ದರೆ ಅಕ್ಕಪಕ್ಕದವರಿಗೆ ಹೇಗೆ ಕಂಡಿರಬಹುದೋ...

ಒಂದು ಸಂಜೆ ನಾನು ಕೋಣೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಹಿತ್ತಲಿನಿಂದ ಜೋಯಿಸರ ಮಂತ್ರದ ಗಂಟಲು ಕೇಳಿಸಿತು. ಮಾತಾಡುವಾಗ ಎಂದೂ ಹೊರಡದ ಆ ಗಂಟಲು.

"ಹಿಡೀತು ಮಾರಾಯ. ತಾನೇ ಹಿಡೀತು."

ನಾನು ಓಡಿದೆ. ಬಚ್ಚಲಿನ ಹಿಂದೆ, ಹುಲ್ಲಿನಲ್ಲಿ, ರೆಕ್ಕೆ ಹರಡಿ ಕೂತಿತ್ತು. ಕಾಲಡಿಯಲ್ಲಿ ಜೀವಂತ ಇಲಿ. ನಮ್ಮನ್ನು ಒಮ್ಮೆ ನೋಡಿ, ಅದನ್ನು ಎತ್ತಿಕೊಂಡು ಮರಕ್ಕೆ ಹಾರಿತು. ಜೋಯಿಸರು ಅರ್ಧ ಸಂಧ್ಯಾವಂದನೆಯಲ್ಲಿ ಎದ್ದು ಬಂದಿದ್ದರು. ಒದ್ದೆ ಪಂಚೆಯಲ್ಲೇ ನನ್ನನ್ನು ತಬ್ಬಿಕೊಂಡರು. ಮಡಿಯಲ್ಲಿದ್ದವರು, ಕಾರ್ಖಾನೆಯ ಎಣ್ಣೆ ಮೆತ್ತಿದ ನನ್ನನ್ನು. ಇಬ್ಬರೂ ನಗುತ್ತಿದ್ದೆವು, ಆಕೆ ಬಂದು ಏನಾಯಿತು ಎಂದು ಕೇಳಿದರೆ ಹೇಳಲಿಕ್ಕೂ ಆಗದಷ್ಟು. ನನ್ನ ಜೀವನದಲ್ಲಿ ಅಂಥ ಖುಷಿ ಮತ್ತೆ ಎಷ್ಟು ಸಲ ಆಗಿದೆ ಎಂದು ಎಣಿಸಿದರೆ ಒಂದು ಕೈಯ ಬೆರಳು ಸಾಕು.

ಒಂದು ತಿಂಗಳಲ್ಲಿ ಅದು ಹೊರಟುಹೋಯಿತು. ನಿಧಾನವಾಗಿ ಜನ ಜೋಯಿಸರ ಹತ್ತಿರ ಮತ್ತೆ ಬರತೊಡಗಿದರು. ಮೊದಲು ನಾಮಕರಣ, ಆಮೇಲೆ ಗೃಹಪ್ರವೇಶ. ಸಾಹುಕಾರರು ಮಾತ್ರ ಕೊನೆಯವರೆಗೂ ಬರಲಿಲ್ಲ. ಜೋಯಿಸರು ಗೂಬೆಯ ಶಾಂತಿ ಮಾಡಿಸುವುದನ್ನು ಬಿಟ್ಟುಬಿಟ್ಟರು. ಯಾರಾದರೂ ಗೂಬೆ ಹೊಕ್ಕಿದೆ ಎಂದು ಬಂದರೆ ಪಂಚಾಂಗ ತೆಗೆಯುತ್ತಿರಲಿಲ್ಲ, ಏಣಿ ಇದೆಯೇ ಎಂದು ಕೇಳುತ್ತಿದ್ದರು. ತಾವೇ ಅಟ್ಟ ಹತ್ತಿ, ತಲೆಯ ತುಂಬ ಜೇಡರ ಬಲೆಯೊಂದಿಗೆ ಇಳಿದು ಬಂದು, ಮೂರು ಮರಿ ಇವೆ, ಹಾರಿಹೋಗುವವರೆಗೆ ಸ್ವಲ್ಪ ಸುಧಾರಿಸಿಕೊಳ್ಳಿ ಎನ್ನುತ್ತಿದ್ದರು. ಕೇಳಿದವರೂ ಉಂಟು, ಬೈದು ಬೇರೆಯವರನ್ನು ಕರೆಸಿದವರೂ ಉಂಟು. ದಿನಸಿ ಅಂಗಡಿಯವನೊಬ್ಬ, ಅಟ್ಟದ ಕಿಂಡಿ ತೆರೆದಿಟ್ಟರೆ ನಮ್ಮಲ್ಲಿಗೂ ಗೂಬೆ ಬಂದು ಇಲಿ ಹಿಡಿಯುತ್ತದೆಯೇ, ಅದಕ್ಕೆ ಒಳ್ಳೆಯ ದಿನ ಯಾವುದು ಎಂದು ಕೇಳಿದ್ದ. ಗೂಬೆಗೆ ನನ್ನ ಮುಹೂರ್ತ ಬೇಕಿಲ್ಲ ಎಂದರಂತೆ.

ನನ್ನ ಮದುವೆಯನ್ನು ಅವರೇ ಮಾಡಿಸಿದರು. ಆಮೇಲೆ ನಾನು ಜನ್ನಾಪುರಕ್ಕೆ ಮನೆ ಬದಲಿಸಿದೆ. ಸಂಸಾರ, ಶಿಫ್ಟು, ಮಕ್ಕಳು... ಹೋಗಿ ಬರುವುದು ಕಡಿಮೆಯಾಯಿತು. ಕೊನೆಯ ಸಲ ಹೋದಾಗ ಅವರ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ದೊಡ್ಡ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ಜೋಯಿಸರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಹಿತ್ತಲಿನ ಕಟ್ಟೆಯ ಮೇಲೆ, ಹುಣಿಸೆಮರದ ಕಡೆ ಮುಖ ಮಾಡಿ ಕೂತಿದ್ದರು. ದನಿಯಿಂದ ನನ್ನನ್ನು ಗುರುತಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಅಂಗೈ ಸವರಿ, ಇನ್ನೂ ಎಣ್ಣೆ ಹೋಗಿಲ್ಲ ಎಂದು ನಕ್ಕರು. ಸಂಜೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಖವನ್ನು ಮೇಲೆತ್ತಿದರು.

"ಈಗ ಹಾರಿ ಹೋಯ್ತಲ್ಲ, ಕೇಳಿಸ್ತಾ?"

ನನಗೆ ಏನೂ ಕೇಳಿಸಿರಲಿಲ್ಲ. ಏನೂ ಕಂಡಿರಲೂ ಇಲ್ಲ. ಅವರ ಮನಸ್ಸಿಗೆ ನೋವಾಗಬಾರದೆಂದು, ಹೌದು, ಚೆನ್ನಾಗಿ ಕೇಳಿಸಿತು ಎಂದೆ.

ಜೋಯಿಸರು ನನ್ನ ತೊಡೆಯ ಮೇಲೆ ಮೆಲ್ಲಗೆ ತಟ್ಟಿದರು. "ಸುಳ್ಳು. ಗೂಬೆ ಹಾರಿದ್ರೆ ಸದ್ದೇ ಬರಲ್ಲ ಮಾರಾಯ" ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಿ ಹೊರಟೆ. ಮುಂದಿನ ತಿಂಗಳು ಬರುವ ಮುಂಚೆಯೇ ಅವರು ಹೋದ ಸುದ್ದಿ ಬಂತು.

ಈಗ ನನಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಓಲ್ಡ್ ಟೌನಿನ ಆ ಮನೆ ಇಲ್ಲ, ಮರವೂ ಇಲ್ಲ. ಮೊನ್ನೆ ಸಂಜೆ ಶಿವಮೊಗ್ಗದ ನಮ್ಮ ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ನಾನು ಮಹಡಿಯ ಮೇಲೆ ಕೂತಿದ್ದೆ. ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿಂದ ಒಂದು ಬಿಳಿ ಗೂಬೆ ಎದ್ದು, ನನ್ನ ತಲೆಯ ಮೇಲಿಂದಲೇ, ಒಂದು ಮಾರು ಎತ್ತರದಲ್ಲಿ ಹಾದುಹೋಯಿತು. ಒಂದಿಷ್ಟೂ ಸದ್ದಿಲ್ಲ. ನಿಜವಾಗಿಯೂ ನೋಡಿದೆ. ಈ ಸಲ ಸುಳ್ಳಲ್ಲ ಎಂದು ಹೇಳಬೇಕೆನಿಸಿತು... ಪಕ್ಕಕ್ಕೆ ತಿರುಗಿಯೂ ಬಿಟ್ಟೆ. ಖಾಲಿ ಕುರ್ಚಿ ಇತ್ತು.